ಉದುರಿದ ಹಣ್ಣು ಸಾಕೆಂದವನ ಸುಖ

ಸುಖವನ್ನು ಬಯಸದ ಜೀವವಿಲ್ಲ. ಇರುವೆ ಬೆಲ್ಲದ ಚೂರಿನ ಕಡೆಗೆ ಸಾಲುಗಟ್ಟಿ ನಡೆಯುವುದೂ, ಮನುಷ್ಯ ಹೊಲ, ಮನೆ, ಹುದ್ದೆ, ಹೆಸರುಗಳ ಹಿಂದೆ ಹಗಲಿರುಳು ಓಡುವುದೂ ಒಂದೇ ಹಂಬಲದಿಂದ. ಜೈನ ದರ್ಶನವು ಈ ಹಂಬಲವನ್ನು ತಪ್ಪೆಂದು ಎಣಿಸಿಲ್ಲ. ಸುಖವೆಂಬುದು ಆತ್ಮದ ಸ್ವಭಾವ. ಅನಂತಜ್ಞಾನ, ಅನಂತದರ್ಶನ, ಅನಂತವೀರ್ಯಗಳೊಡನೆ ಅನಂತಸುಖವೂ ಸೇರಿ ಅರಿಹಂತರ ಅನಂತಚತುಷ್ಟಯವಾಗುತ್ತದೆ. ತನ್ನದೇ ಸ್ವಭಾವವನ್ನು ಜೀವವು ಹುಡುಕಿದರೆ ಅದರಲ್ಲಿ ದೋಷವೇನು? ದೋಷವಿರುವುದು ಹುಡುಕುವ ಜಾಗದಲ್ಲಿ, ಹುಡುಕುವ ಕ್ರಮದಲ್ಲಿ. ಎಲ್ಲರೂ ಬಯಸಿದರೂ ಕೆಲವರಿಗೆ ಮಾತ್ರ ಸುಖ ದೊರೆಯುವುದೇಕೆ, ದೊರೆತವರ ಬಳಿಯೂ ಅದು ನಿಲ್ಲದಿರುವುದೇಕೆ ಎಂಬ ಪ್ರಶ್ನೆಗೆ ಆಚಾರ್ಯರು ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಒಂದು ಉತ್ತರ ಕಾಡಿನ ನಡುವೆ ನಡೆಯುವ ಕಥೆಯ ರೂಪದಲ್ಲಿದೆ.

ದಾರಿ ತಪ್ಪಿದ ಆರು ಮಂದಿ ಪ್ರಯಾಣಿಕರು ಹಸಿವಿನಿಂದ ಬಳಲಿ, ಹಣ್ಣು ತುಂಬಿ ನಿಂತ ಮರವೊಂದರ ಬಳಿಗೆ ಬರುತ್ತಾರೆ. ಜನರ ಬಾಯಲ್ಲಿ ಅದು ನೇರಳೆ ಮರ. ಮರವನ್ನು ಬುಡಸಮೇತ ಕೆಡವಿ ಹಣ್ಣು ತಿನ್ನಬೇಕೆಂದು ಮೊದಲನೆಯವನು ಎಣಿಸುತ್ತಾನೆ. ಬೇರು ಇರಲಿ, ಕಾಂಡವನ್ನು ಕಡಿದರೆ ಸಾಕೆಂದು ಎರಡನೆಯವನು. ದೊಡ್ಡ ಕೊಂಬೆಗಳು ಸಾಕೆಂದು ಮೂರನೆಯವನು, ಸಣ್ಣ ಟೊಂಗೆಗಳು ಸಾಕೆಂದು ನಾಲ್ಕನೆಯವನು. ಐದನೆಯವನು ಹಣ್ಣನ್ನಷ್ಟೇ ಬಿಡಿಸಿಕೊಳ್ಳಲು ಬಯಸುತ್ತಾನೆ. ಆರನೆಯವನು ನೆಲವನ್ನು ನೋಡುತ್ತಾನೆ. ಮರ ತಾನಾಗಿಯೇ ಉದುರಿಸಿದ ಹಣ್ಣುಗಳು ಅಲ್ಲಿ ಬಿದ್ದಿವೆ. ಹಸಿವು ತೀರಲು ಅಷ್ಟು ಸಾಕು. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳಿಗೆ, ಅಂದರೆ ಮನೋಭಾವದ ಬಣ್ಣಗಳಿಗೆ, ಈ ಆರು ಮಂದಿ ಉದಾಹರಣೆ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಈ ದೃಷ್ಟಾಂತವಿದೆ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಇದೇ ಮರವನ್ನು ಚಿತ್ರಕಾರರು ಬರೆದಿದ್ದಾರೆ. ಓದು ಬಾರದ ಶ್ರಾವಕನೂ ಆ ಚಿತ್ರದ ಮುಂದೆ ನಿಂತು, ಆರು ಮಂದಿಯಲ್ಲಿ ತಾನು ಯಾರೆಂದು ಕೇಳಿಕೊಳ್ಳಲಿ ಎಂಬುದು ಅದರ ಉದ್ದೇಶ.

ಈ ಕಥೆಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಆರೂ ಮಂದಿಯ ಹಸಿವು ಒಂದೇ. ಆರೂ ಹೊಟ್ಟೆಗಳು ಹಿಡಿಸುವ ಹಣ್ಣಿನ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಮರವನ್ನು ಕೆಡವಿದವನಿಗೆ ಆರನೆಯವನಿಗಿಂತ ಒಂದು ಹಿಡಿ ಹಣ್ಣು ಕೂಡ ಹೆಚ್ಚು ತಿನ್ನಲಾಗದು. ಹಾಗಿದ್ದರೆ ಅವನ ಕೈ ಕೊಡಲಿಯ ಕಡೆಗೆ ಹೋದದ್ದೇಕೆ? ಹಸಿವಿನಿಂದಲ್ಲ, ಹಸಿವಿನ ಭಯದಿಂದ. ನಾಳೆ ಸಿಗದಿದ್ದರೆ ಎಂಬ ಅಂಜಿಕೆ, ಇನ್ನೊಬ್ಬನು ತನಗಿಂತ ಮೊದಲು ಪಡೆದರೆ ಎಂಬ ಕುದಿತ. ಜೈನ ಶಾಸ್ತ್ರವು ಪರಿಗ್ರಹವನ್ನು ಇಪ್ಪತ್ತನಾಲ್ಕು ಬಗೆಯಾಗಿ ಎಣಿಸುವಾಗ ಹೊಲ, ಮನೆ, ಬಂಗಾರ, ಧಾನ್ಯಗಳಂತಹ ಹತ್ತು ಬಾಹ್ಯ ವಸ್ತುಗಳ ಜೊತೆಗೆ ಹದಿನಾಲ್ಕು ಅಂತರಂಗ ಪರಿಗ್ರಹಗಳನ್ನೂ ಹೇಳುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೊಡನೆ ಭಯವೂ ಅಲ್ಲಿ ಒಂದು. ಭಯವೂ ಒಂದು ಆಸ್ತಿ. ಮನುಷ್ಯ ಅದನ್ನು ಕೂಡಿಡುತ್ತಾನೆ, ಬೆಳೆಸುತ್ತಾನೆ, ಮಕ್ಕಳಿಗೂ ಬಿಟ್ಟುಹೋಗುತ್ತಾನೆ.

ಈ ದೃಷ್ಟಾಂತವು ದಾಂಡೇಲಿಯ ಪರಿಸರದಲ್ಲಿ ಕೇವಲ ಕಥೆಯಾಗಿ ಉಳಿಯುವುದಿಲ್ಲ. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳಿ ನದಿಯ ದಂಡೆಯ ಊರು ಇದು. ಸಾಗುವಾನಿಗೂ ಬಿದಿರಿಗೂ ಹೆಸರಾದ ಕಾಡು ಇದರ ಸುತ್ತ ಇದೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಗಿ, ಮುಂದೆ ಇಲ್ಲಿ ಕಾಗದದ ಕಾರ್ಖಾನೆ ನಡೆಯತೊಡಗಿತು. 1956ರಲ್ಲಿ ಇದೇ ಕಾಡಿನ ಒಂದು ಭಾಗವನ್ನು ವನ್ಯಜೀವಿಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಮರದಿಂದ ಬದುಕು ಕಟ್ಟಿಕೊಳ್ಳುವ ನಿರ್ಧಾರವೂ ಮರವನ್ನು ಉಳಿಸುವ ನಿರ್ಧಾರವೂ ಒಂದೇ ವರ್ಷದ ಅಂತರದಲ್ಲಿ ಇಲ್ಲಿಗೆ ಬಂದವು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಬಲ್ಲ ಶ್ರಾವಕನಿಗೆ ಅಭಯಾರಣ್ಯವೆಂಬ ಪದ ಹೊಸತಲ್ಲ. ಜೀವಕ್ಕೆ ಭಯವಿಲ್ಲದಂತೆ ಮಾಡುವುದೇ ದಾನಗಳಲ್ಲಿ ದೊಡ್ಡದೆಂದು ಅವನು ಕೇಳಿ ಬೆಳೆದಿರುತ್ತಾನೆ. ಮರದ ಕೆಳಗೆ ನಿಂತ ಆರು ಮಂದಿಯ ಪ್ರಶ್ನೆ ಈ ಊರಿನ ದಿನನಿತ್ಯದ ಪ್ರಶ್ನೆ. ಬದುಕಲು ಎಷ್ಟು ಬೇಕು? ಎಲ್ಲಿಗೆ ನಿಲ್ಲಿಸಬೇಕು?

ಇಲ್ಲಿ ಕರ್ಮಸಿದ್ಧಾಂತದ ಒಂದು ಸೂಕ್ಷ್ಮವನ್ನು ತಿಳಿಯುವುದು ಅಗತ್ಯ. ಸುಖದುಃಖಗಳ ವಿಷಯದಲ್ಲಿ ಸಾಮಾನ್ಯರು ಒಂದೇ ಎಂದು ಭಾವಿಸುವ ಎರಡು ಸಂಗತಿಗಳನ್ನು ಜೈನ ಶಾಸ್ತ್ರವು ಬೇರೆಬೇರೆಯಾಗಿ ಇಟ್ಟಿದೆ. ಅನುಕೂಲ, ಆರೋಗ್ಯ, ಹೊಟ್ಟೆಗೆ ಅನ್ನ, ತಲೆಯ ಮೇಲೆ ಸೂರು, ಇವುಗಳಿಂದ ಆಗುವ ಹಿತವಾದ ಅನುಭವ ಸಾತಾವೇದನೀಯ ಕರ್ಮದ ಫಲ. ರೋಗ, ಕೊರತೆ, ನೋವುಗಳ ಅನುಭವ ಅಸಾತಾವೇದನೀಯದ ಫಲ. ಆದರೆ ಸಾಲದೆಂಬ ತವಕ, ತನ್ನದೆಂಬ ಅಂಟು, ಇನ್ನೊಬ್ಬರನ್ನು ನೋಡಿ ಹುಟ್ಟುವ ಕರುಬು ವೇದನೀಯದಿಂದ ಬರುವುದಿಲ್ಲ. ಅವು ಮೋಹನೀಯ ಕರ್ಮದಿಂದ ಬರುತ್ತವೆ. ಆದ್ದರಿಂದ ಸಾತದ ಉದಯವಿದ್ದೂ ಮನುಷ್ಯ ಕೊರಗಬಲ್ಲ. ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಮನೆಯಲ್ಲಿ, ಒಂದೇ ಸಂಬಳದಲ್ಲಿ ಬದುಕುವ ಇಬ್ಬರಲ್ಲಿ ಒಬ್ಬನು ನೆಮ್ಮದಿಯಿಂದ ನಿದ್ರಿಸಿದರೆ ಇನ್ನೊಬ್ಬನು ರಾತ್ರಿಯೆಲ್ಲ ಹೊರಳುವುದು ಇದೇ ಕಾರಣಕ್ಕೆ. ಇಬ್ಬರ ಸಾತ ಸಮಾನ, ಮೋಹ ಸಮಾನವಲ್ಲ.

ಈ ಭೇದವನ್ನು ಹಿಡಿದರೆ ಸುಖದ ದಾರಿಯಲ್ಲಿ ಎರಡು ಕೆಲಸಗಳಿವೆಯೆಂದು ಸ್ಪಷ್ಟವಾಗುತ್ತದೆ. ನೋವನ್ನೂ ಕೊರತೆಯನ್ನೂ ಕಡಿಮೆ ಮಾಡುವುದು ಒಂದು. ಮೋಹವನ್ನು ಕಡಿಮೆ ಮಾಡುವುದು ಇನ್ನೊಂದು. ಆಚಾರ್ಯರ ಬೋಧೆಯಲ್ಲಿ ಇವುಗಳ ಹಂಚಿಕೆ ಹೀಗಿದೆ: ಇತರರ ನೋವನ್ನು ದಾನ, ದಯೆ, ಸೇವೆಗಳಿಂದ ತಗ್ಗಿಸಬೇಕು; ತನ್ನ ಮೋಹವನ್ನು ವ್ರತದಿಂದ ತಗ್ಗಿಸಬೇಕು. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಮಾನ್ಯ ಮಾಡಿದ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಪ್ರಾಣಿಗಳ ಮೇಲಿನ ಅನುಕಂಪೆ, ದಾನ, ಸಂಯಮ, ಕ್ಷಮೆ, ಲೋಭವಿಲ್ಲದ ಶುಚಿತ್ವಗಳನ್ನು ಹೆಸರಿಸಿದ್ದಾರೆ. ಇತರರನ್ನು ಅಳಿಸಿದವನು ತನಗೆ ಅಸಾತವನ್ನೇ ಕಟ್ಟಿಕೊಳ್ಳುತ್ತಾನೆಂದೂ ಅಲ್ಲಿ ತಿಳಿಸಿದ್ದಾರೆ. ಸುಖ ಬೇಕಾದವನು ಸುಖವನ್ನು ದೋಚಬೇಕಿಲ್ಲ, ಹಂಚಬೇಕು ಎಂಬುದು ಆ ಮಾತಿನ ತಾತ್ಪರ್ಯ.

ಲೋಕದ ರೂಢಿ ಇದಕ್ಕೆ ತದ್ವಿರುದ್ಧ. ಮನುಷ್ಯ ತನ್ನ ಸಾತವನ್ನು ಹೆಚ್ಚಿಸಿಕೊಳ್ಳುವುದರಲ್ಲಿ ಆಯುಷ್ಯವನ್ನು ಕಳೆಯುತ್ತಾನೆ, ಇತರರ ಮೋಹವನ್ನು ತಗ್ಗಿಸಲು ಉಪದೇಶ ಕೊಡುತ್ತಾನೆ. ಎರಡು ಅಂತಸ್ತಿನ ಮನೆಯವನು ಸೂರಿಲ್ಲದವನಿಗೆ ತೃಪ್ತಿಯ ಪಾಠ ಹೇಳುತ್ತಾನೆ. ಆಸೆಯೇ ದುಃಖಕ್ಕೆ ಮೂಲವೆಂದು, ಕೂಲಿ ಹೆಚ್ಚಿಸಿರೆಂದು ಕೇಳಿದವರಿಗೆ ನೆನಪಿಸಲಾಗುತ್ತದೆ. ಧರ್ಮದ ಮಾತು ಬಾಯಿಂದ ಬಾಯಿಗೆ ಸಾಗುವಾಗ ಹೀಗೆ ತಲೆಕೆಳಗಾದರೆ ಅದು ಧರ್ಮವಾಗಿ ಉಳಿಯುವುದಿಲ್ಲ. ಅಪರಿಗ್ರಹವು ಕೇಳುವವನಿಗೆ ಹೇಳುವ ಮಾತಲ್ಲ, ಹೇಳುವವನು ಮೊದಲು ಕೈಗೊಳ್ಳಬೇಕಾದ ವ್ರತ.

ಕಾಳಿ ನದಿಯ ಕಣಿವೆಯಲ್ಲಿ ಈ ವ್ಯತ್ಯಾಸಕ್ಕೆ ದೊಡ್ಡದೊಂದು ಸಾಕ್ಷಿಯಿದೆ. ಜೋಯಿಡಾ ತಾಲ್ಲೂಕಿನ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಅದರ ನೀರಿನಿಂದ ನಾಗಝರಿಯ ವಿದ್ಯುದಾಗಾರದಲ್ಲಿ ಬೆಳಕು ಹುಟ್ಟುತ್ತದೆ, ನಾಡಿನ ದೂರದ ಊರುಗಳಿಗೂ ಹರಿಯುತ್ತದೆ. ಆದರೆ ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಎಂಬ ಊರು ನೀರಿನಡಿ ಸೇರಿತು. ಊರಿನ ಹೆಸರು ಅಣೆಕಟ್ಟಿಗೆ ಉಳಿಯಿತು. ಮನೆ, ಗದ್ದೆ, ಗುಡಿ, ಹಿರಿಯರ ನೆನಪಿನ ನೆಲಗಳನ್ನು ಬಿಟ್ಟು ಹೊರಟ ಜನ ರಾಮನಗರದಲ್ಲಿ ಹೊಸದಾಗಿ ಬದುಕು ತೊಡಗಿದರು. ಮುಳುಗಡೆಯಾದವರು ಕಳೆದುಕೊಂಡದ್ದನ್ನು ತ್ಯಾಗವೆಂದು ಹೊಗಳುವುದು ಸಾರ್ವಜನಿಕ ಭಾಷಣಗಳ ವಾಡಿಕೆ. ಜೈನ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಆ ಮಾತಿನಲ್ಲಿ ಎಚ್ಚರ ಬೇಕು. ಸಂಕಲ್ಪವಿಲ್ಲದೆ ತ್ಯಾಗವಿಲ್ಲ. ತಾನಾಗಿ ಬಿಟ್ಟದ್ದು ತ್ಯಾಗ, ಕೈಯಿಂದ ಹೋದದ್ದು ನಷ್ಟ. ನಷ್ಟಕ್ಕೆ ತ್ಯಾಗದ ಹೆಸರು ಕೊಟ್ಟರೆ ಕಳೆದುಕೊಂಡವರ ದುಃಖ ಕಡಿಮೆಯಾಗದು, ಪಡೆದವರ ಋಣ ಮಾತ್ರ ಮರೆತುಹೋಗುತ್ತದೆ.

ಹಾಗಾದರೆ ಸೂಪಾದ ನೀರಿನಿಂದ ಬೆಳಕು ಪಡೆದ ಮನೆಯಲ್ಲಿ ಮಾಡಬೇಕಾದದ್ದೇನು? ಮುಳುಗಡೆಯ ಜನರಿಗೆ ವೈರಾಗ್ಯದ ಉಪದೇಶವಲ್ಲ, ತನ್ನ ಬಳಕೆಗೆ ತಾನೇ ಹಾಕಿಕೊಳ್ಳುವ ಅಳತೆ. ಭೋಗೋಪಭೋಗ ಪರಿಮಾಣವೆಂಬ ಶಿಕ್ಷಾವ್ರತ ಇರುವುದೇ ಇದಕ್ಕಾಗಿ. ಒಮ್ಮೆ ಬಳಸಿ ಮುಗಿಯುವ ಅನ್ನ, ನೀರುಗಳಿಗೂ ಮತ್ತೆ ಮತ್ತೆ ಬಳಸುವ ಬಟ್ಟೆ, ಹಾಸಿಗೆ, ವಾಹನಗಳಿಗೂ ಮಿತಿಯನ್ನು ಗೊತ್ತುಮಾಡಿಕೊಳ್ಳುವ ವ್ರತ ಅದು. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸುವ ಕೈ, ಆ ಬೆಳಕಿಗೆ ಒಂದು ಊರು ಬೆಲೆ ತೆತ್ತಿದೆಯೆಂಬ ಅರಿವಿನಿಂದ ಆರಿಸಿದರೆ, ಅದು ಹಣದ ಉಳಿತಾಯಕ್ಕಿಂತ ಹೆಚ್ಚಿನದು.

ಇಂತಹ ಮಿತಿಯ ಮಾತಿಗೆ ಒಂದು ಆಕ್ಷೇಪ ಹಿಂದಿನಿಂದಲೂ ಇದೆ. ಎಲ್ಲರೂ ಸಾಕೆಂದು ಕುಳಿತರೆ ಉದ್ಯೋಗ ನಡೆಯುವುದು ಹೇಗೆ, ಕಾರ್ಖಾನೆಯ ಚಕ್ರ ತಿರುಗುವುದು ಹೇಗೆ, ಮಕ್ಕಳಿಗೆ ವಿದ್ಯೆ ಕೊಡಿಸುವುದು ಹೇಗೆ? ಆಕ್ಷೇಪ ಸಹಜವಾದದ್ದು. ಉತ್ತರಕ್ಕೆ ಭಗವಾನ್ ಋಷಭದೇವರ ಚರಿತ್ರೆಯನ್ನೇ ನೋಡಬಹುದು. ಕಲ್ಪವೃಕ್ಷಗಳು ಕ್ಷೀಣಿಸಿ ಜನರು ದಿಕ್ಕು ತೋಚದೆ ನಿಂತಾಗ ಅವರು ಮೊದಲು ಕಲಿಸಿದ್ದು ಉಪವಾಸವನ್ನಲ್ಲ. ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಕಲಿಸಿದರು. ದುಡಿಮೆಯನ್ನು ಕೀಳೆನ್ನದ ಧರ್ಮವಿದು. ಗೃಹಸ್ಥನ ದುಡಿಮೆಯಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಯನ್ನು ಉದ್ಯೋಗೀ ಹಿಂಸೆಯೆಂದು ಗುರುತಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣ ಬಿಡಬೇಕೆಂದೂ ಉದ್ಯೋಗದ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕೆಂದೂ ಶ್ರಾವಕಾಚಾರವು ವಿಧಿಸುತ್ತದೆ. ಕಾಡು ಕಡಿದು ಬದುಕುವ ವೃತ್ತಿಯನ್ನು ಕಠಿಣ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದ ಆಚಾರ್ಯರೂ ಉಂಟು. ಆ ಎಚ್ಚರಿಕೆ, ಪಾಳಿಯ ಕೆಲಸ ಮುಗಿಸಿ ಮನೆಗೆ ಮರಳುವ ಕಾರ್ಮಿಕನನ್ನು ನಿಂದಿಸುವುದಕ್ಕಲ್ಲ. ಕಡಿದಷ್ಟನ್ನು ಬೆಳೆಸುವ, ಕಾಗದದ ಹಾಳೆಯ ಎರಡೂ ಬದಿಯಲ್ಲಿ ಬರೆಯುವ, ಬೇಡದ್ದನ್ನು ಕೊಳ್ಳದಿರುವ ಹೊಣೆ ಕೊಳ್ಳುವ ಪ್ರತಿಯೊಬ್ಬರದು.

ಪರಿಗ್ರಹ ಪರಿಮಾಣ ಅಣುವ್ರತವು ಗಳಿಕೆಯನ್ನು ನಿಲ್ಲಿಸೆಂದು ಹೇಳುವುದಿಲ್ಲ, ಗಳಿಕೆಗೆ ದಡ ಕಟ್ಟೆಂದು ಹೇಳುತ್ತದೆ. ಇಷ್ಟು ಭೂಮಿ, ಇಷ್ಟು ಮನೆ, ಇಷ್ಟು ಬಂಗಾರ, ಇಷ್ಟು ಧನಧಾನ್ಯ ತನಗೂ ತನ್ನವರಿಗೂ ಸಾಕೆಂದು ಶ್ರಾವಕನು ಗುರುಗಳ ಸಮ್ಮುಖದಲ್ಲಿ ನಿಶ್ಚಯಿಸಿಕೊಳ್ಳುತ್ತಾನೆ. ಆ ಗೆರೆಯನ್ನು ದಾಟಿ ಬಂದದ್ದು ದಾನಕ್ಕೆ ಸಲ್ಲುತ್ತದೆ. ಗೆರೆ ಎಲ್ಲಿರಬೇಕೆಂಬುದನ್ನು ಶಾಸ್ತ್ರ ಹೇಳಿಲ್ಲ. ಬಡವನ ಗೆರೆಯೇ ಬೇರೆ, ಸಿರಿವಂತನ ಗೆರೆಯೇ ಬೇರೆ. ಗೆರೆ ಇರಲೇಬೇಕೆಂಬುದಷ್ಟೇ ನಿಯಮ. ಗೆರೆಯಿಲ್ಲದವನ ಸುಖ ಯಾವಾಗಲೂ ನೆರೆಮನೆಯವನ ಕೈಯಲ್ಲಿರುತ್ತದೆ. ನೆರೆಯವನು ಹೊಸ ವಾಹನ ಕೊಂಡ ದಿನ ಇವನ ಹಳೆಯ ವಾಹನ ಕುರೂಪವಾಗುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇಂದ್ರಿಯಸುಖದ ಕುಂದುಗಳನ್ನು ತೋರಿಸುವಾಗ ಅದರ ಪರಾಧೀನತೆಯನ್ನು ಮುಖ್ಯವಾಗಿ ಎತ್ತಿ ಹೇಳಿರುವುದರ ಹಿಂದಿನ ಅನುಭವ ಇದೇ. ಇನ್ನೊಬ್ಬರನ್ನೋ ಇನ್ನೊಂದನ್ನೋ ನೆಚ್ಚಿ ನಿಂತ ಸುಖಕ್ಕೆ ತನ್ನ ಕಾಲಿಲ್ಲ. ಗೆರೆ ಎಳೆದುಕೊಂಡವನ ಸುಖ ಅವನ ಕೈಗೇ ಮರಳಿ ಬರುತ್ತದೆ.

ಕೊಟ್ಟದ್ದೇ ಉಳಿಯುತ್ತದೆಂಬ ಮಾತಿಗೆ ಹಳಿಯಾಳದ ನೆರೆಯಲ್ಲಿಯೇ ನಿದರ್ಶನವಿದೆ. ಖಾನಾಪುರ ತಾಲ್ಲೂಕಿನ ಹಲಸಿ ಹಿಂದೆ ಪಲಾಶಿಕಾ ಎಂಬ ಹೆಸರಿನಿಂದ ಬನವಾಸಿ ಕದಂಬರ ಮುಖ್ಯ ಪಟ್ಟಣಗಳಲ್ಲಿ ಒಂದಾಗಿತ್ತು. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಒಂದು, ಕದಂಬ ದೊರೆ ಮೃಗೇಶವರ್ಮನು ಅಗಲಿದ ತನ್ನ ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಕೊಟ್ಟದ್ದನ್ನು ಹೇಳುತ್ತದೆ. ಅವನ ಮಗ ರವಿವರ್ಮನ ಶಾಸನವು ಜಿನೇಂದ್ರನ ಅಷ್ಟಾಹ್ನಿಕ ಮಹೋತ್ಸವವನ್ನು ನಡೆಸಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರ ಒದಗಬೇಕೆಂದೂ ವಿಧಿಸುತ್ತದೆ. ಈ ಸೀಮೆಯ ಮಳೆಯನ್ನು ಬಲ್ಲವರಿಗೆ ಆ ವಿಧಿಯ ಹಿಂದಿರುವ ಕಾಳಜಿ ತಾನಾಗಿ ಅರ್ಥವಾಗುತ್ತದೆ. ಹೆಜ್ಜೆಯಡಿಯ ಕಿರುಜೀವಕ್ಕೂ ನೋವಾಗದಿರಲೆಂದು ಒಂದೆಡೆ ನಿಂತು ಚಾತುರ್ಮಾಸ ಮಾಡುವ ಮುನಿಗಳಿಗೆ ಅನ್ನದ ಚಿಂತೆ ಬಾರದಿರಲಿ ಎಂದು ಒಬ್ಬ ದೊರೆ ಯೋಚಿಸಿದ. ಆ ದೊರೆಗಳ ಭಂಡಾರದಲ್ಲಿ ಎಷ್ಟು ಬಂಗಾರವಿತ್ತೆಂದು ಇಂದು ಯಾರೂ ಬಲ್ಲವರಿಲ್ಲ. ಹದಿನೈದು ಶತಮಾನಗಳ ಬಳಿಕ ಓದಲು ಸಿಗುವುದು ಅವರು ಕೊಟ್ಟದ್ದರ ಲೆಕ್ಕ ಮಾತ್ರ.

ದೊರೆಗೆ ಕೊಡುವುದು ಸುಲಭ, ದುಃಖದಲ್ಲಿ ಮುಳುಗಿದವರಿಗೆ ಅದು ಸಾಧ್ಯವೇ ಎಂದು ಕೇಳುವವರಿಗೆ ಅತ್ತಿಮಬ್ಬೆಯ ಬಾಳು ಉತ್ತರ. ಗಂಡ ನಾಗದೇವನು ಯುದ್ಧದಲ್ಲಿ ಮಡಿದ. ಅವನ ಇನ್ನೊಬ್ಬ ಹೆಂಡತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಒಂದೇ ಹೊತ್ತಿನಲ್ಲಿ ಇಬ್ಬರನ್ನು ಕಳೆದುಕೊಂಡ ಅತ್ತಿಮಬ್ಬೆ ಮಗನಿಗಾಗಿ ಬದುಕಿ ಉಳಿದಳು. ಅಸಾತದ ಉದಯ ಇದಕ್ಕಿಂತ ತೀವ್ರವಾಗಿರುವುದು ಕಷ್ಟ. ಆಕೆ ಆ ದುಃಖವನ್ನು ಮರೆತಳೆಂದು ಯಾರೂ ಹೇಳಲಾರರು. ಆದರೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ದಾನಚಿಂತಾಮಣಿಯೆಂಬ ಬಿರುದು ಆಕೆಯ ಹೆಸರಿನ ಭಾಗವೇ ಆಯಿತು. ಅಚ್ಚುಮೊಳೆಯಿಲ್ಲದ ಕಾಲದಲ್ಲಿ ಒಂದು ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರಿಗೆ ಅನ್ನ, ಎಷ್ಟು ಮನೆಗಳಿಗೆ ಅರಿವು! ಅಂದು ಓಲೆಗರಿ ಮಾಡಿದ ಕೆಲಸವನ್ನು ಇಂದು ಕಾಗದ ಮಾಡುತ್ತಿದೆ. ಕಾಗದದ ಊರಿನಲ್ಲಿ ಹುಟ್ಟಿ ಬೆಳೆದ ಮಗುವಿನ ಕೈಗೆ ಒಂದು ಒಳ್ಳೆಯ ಪುಸ್ತಕವನ್ನಿಡುವುದು ಅದೇ ಶಾಸ್ತ್ರದಾನದ ಮುಂದುವರಿಕೆ.

ಎಲ್ಲವನ್ನೂ ಕಳೆದುಕೊಂಡವರು ಏನನ್ನು ಉಳಿಸಿಕೊಳ್ಳಲು ಬಯಸುತ್ತಾರೆಂಬುದನ್ನು ನೋಡಿದರೆ ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಏನೆಂದು ತಿಳಿಯುತ್ತದೆ. ಮುಂಡಗೋಡ ತಾಲ್ಲೂಕಿನಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಹಿಮದ ನಾಡಿನಿಂದ ಬಂದವರು ಮಲೆನಾಡಿನ ಅಂಚಿನ ಕಾಡುಭೂಮಿಯಲ್ಲಿ ಹೊಲ ಮಾಡಿ ಬೆಳೆ ತೆಗೆಯುವುದನ್ನು ಕಲಿಯಬೇಕಾಯಿತು. ಆ ಕಷ್ಟದ ನಡುವೆಯೂ ಗಾಂಡೆನ್, ಡ್ರೆಪುಂಗ್ ಎಂಬ ತಮ್ಮ ಹಳೆಯ ವಿದ್ಯಾಮಠಗಳನ್ನು ಅವರು ಇಲ್ಲಿ ಮತ್ತೆ ಕಟ್ಟಿದರು. ಅಲ್ಲಿ ಇಂದು ಭಿಕ್ಷುಗಳು ಶಾಸ್ತ್ರಾಧ್ಯಯನ ಮಾಡುತ್ತಾರೆ, ತರ್ಕದ ವಾದ ನಡೆಸುತ್ತಾರೆ. ಅವರ ದರ್ಶನ ಬೇರೆ, ಜೈನ ದರ್ಶನ ಬೇರೆ. ಊರು ಬಿಟ್ಟ ನೋವು ಮಠಗಳಿಂದ ಇಲ್ಲವಾಯಿತೆಂದೂ ಅರ್ಥವಲ್ಲ. ಆದರೂ ಒಂದು ಸಂಗತಿ ಸ್ಪಷ್ಟ. ಹೊತ್ತು ತರಲಾಗದ ಆಸ್ತಿಯೆಲ್ಲ ಹಿಂದೆ ಉಳಿಯಿತು. ಅರಿವು, ಅಭ್ಯಾಸ, ಒಬ್ಬರಿಗೊಬ್ಬರು ಇದ್ದೇವೆಂಬ ನಂಬಿಕೆ ಜೊತೆಯಲ್ಲಿ ಬಂದವು. ಅವು ಬಂದದ್ದರಿಂದ ಉಳಿದದ್ದನ್ನು ಮತ್ತೆ ಕಟ್ಟಲು ಸಾಧ್ಯವಾಯಿತು.

ಒಬ್ಬರಿಗೊಬ್ಬರು ಆಗುವುದೇ ಜೀವಗಳ ಧರ್ಮವೆಂದು ಉಮಾಸ್ವಾತಿಗಳು ಬೋಧಿಸಿದ್ದಾರೆ. ದಾಂಡೇಲಿಯ ಕಾಡಿನ ಮಂಗಟ್ಟೆ ಹಕ್ಕಿ ಅದನ್ನು ಯಾವ ಗ್ರಂಥವನ್ನೂ ಓದದೆ ಪಾಲಿಸುತ್ತದೆ. ಈ ಹಕ್ಕಿಗಳಿಗಾಗಿಯೇ 2011ರಲ್ಲಿ ಇಲ್ಲಿ ಸಂರಕ್ಷಿತ ಪ್ರದೇಶವೊಂದನ್ನು ರೂಪಿಸಲಾಗಿದೆ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಗಂಡು ಹಕ್ಕಿ ವಾರಗಟ್ಟಲೆ ಅತ್ತಿ, ಆಲಗಳ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಹಾರಾಟದ ದಾರಿಯಲ್ಲಿ ಅದು ಬೀಳಿಸಿದ ಬೀಜಗಳಿಂದ ಕಾಡು ಮತ್ತೆ ಹುಟ್ಟುತ್ತದೆ. ಮರದಿಂದ ಹಣ್ಣು ಪಡೆದು ಮರವನ್ನೇ ಹಿಂದಿರುಗಿಸುವ ಈ ಹಕ್ಕಿಯನ್ನು ಕಥೆಯ ಮರದ ಕೆಳಗೆ ಕರೆತಂದರೆ ಅದು ಆರನೆಯವನ ಪಕ್ಕದಲ್ಲಿಯೇ ಕುಳಿತೀತು.

ಈ ಕಾಡನ್ನು ನೋಡಲು, ಕಾಳಿಯ ನೀರಿನಲ್ಲಿ ಆಡಲು ದೂರದೂರದಿಂದ ಜನ ದಾಂಡೇಲಿಗೆ ಬರುತ್ತಾರೆ. ಅವರು ಬರುವುದೂ ಸುಖವನ್ನು ಹುಡುಕಿಕೊಂಡೇ. ಅದರಲ್ಲಿ ತಪ್ಪಿಲ್ಲ. ನದಿಯ ದಂಡೆಯಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತವನ ಮನಸ್ಸು ತಿಳಿಯಾಗುವುದು ನಿಜ. ಆದರೆ ಅಲ್ಲಿಯೂ ಎಡೆಬಿಡದೆ ಗದ್ದಲ ಮಾಡಿ, ಎಲೆ ಚಿವುಟಿ, ನೀರಿಗೆ ಕಸ ಎಸೆದು ಹೋಗುವವನು ಮನೆಯಲ್ಲಿ ಬಿಟ್ಟುಬರಬೇಕಾಗಿದ್ದ ಅಶಾಂತಿಯನ್ನು ಜೊತೆಗೆ ತಂದಿರುತ್ತಾನೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದು ಇವೆಲ್ಲ ಅನರ್ಥದಂಡವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎಣಿಸುತ್ತದೆ. ಯಾರಿಗೂ ಲಾಭವಿಲ್ಲದ ಹಿಂಸೆ ಅದು. ಮಾಡಿದವನಿಗೂ ಅದರಿಂದ ಒಂದು ಹಿಡಿ ಸುಖ ಸಿಗುವುದಿಲ್ಲ.

ಹಾಗಾದರೆ ಸುಖವನ್ನು ಬಯಸುವ ಗೃಹಸ್ಥನು ಎಲ್ಲಿಂದ ತೊಡಗಬೇಕು? ಮೂರು ಸಣ್ಣ ಅಭ್ಯಾಸಗಳು ಯಾರಿಗೂ ಭಾರವಲ್ಲ. ದಿನಕ್ಕೆ ಒಂದು ಬಾರಿ ಎರಡು ಗಳಿಗೆ, ಎಂದರೆ 48 ನಿಮಿಷ, ಸಾಮಾಯಿಕದಲ್ಲಿ ಕುಳಿತುಕೊಳ್ಳುವುದು ಮೊದಲನೆಯದು. ಅಷ್ಟು ಸಾಧ್ಯವಾಗದಿದ್ದರೆ ಹತ್ತು ನಿಮಿಷ. ಬಯಸಿದ್ದನ್ನು ಪಡೆಯದೆಯೂ ಮನಸ್ಸು ಹಗುರಾಗಬಲ್ಲದೆಂಬುದು ಅಲ್ಲಿ ಸ್ವಂತ ಅನುಭವಕ್ಕೆ ಬರುತ್ತದೆ. ಅಷ್ಟಮಿ, ಚತುರ್ದಶಿಗಳಂದು ಮನೆಯ ಒಂದು ವಸ್ತುವಿಗೆ ಅಳತೆ ಗೊತ್ತುಮಾಡಿಕೊಳ್ಳುವುದು ಎರಡನೆಯದು. ಈ ವರ್ಷ ಇಷ್ಟೇ ಬಟ್ಟೆ, ಇಷ್ಟೇ ಬಂಗಾರ, ಇಷ್ಟೇ ಖರ್ಚಿನ ಮದುವೆ ಎಂಬ ನಿಶ್ಚಯವನ್ನು ಮನೆಯವರೆಲ್ಲ ಕೂಡಿ ಮಾಡಿದರೆ, ಸಾಲದ ಅರ್ಧ ಭಯ ಅಂದೇ ಹೊರನಡೆಯುತ್ತದೆ. ಅಣ್ಣತಮ್ಮಂದಿರ ಪಾಲಿನ ಜಗಳಗಳಲ್ಲಿ ಎಷ್ಟೋ ಜಗಳಗಳು ಬದುಕಲು ಸಾಲದೆ ಹುಟ್ಟಿದವಲ್ಲ, ಅಳತೆಯಿಲ್ಲದೆ ಹುಟ್ಟಿದವು. ಮೂರನೆಯದು, ಅಳತೆಯಿಂದ ಉಳಿದದ್ದನ್ನು ಯಾರದಾದರೂ ಅಸಾತವನ್ನು ತಗ್ಗಿಸಲು ಬಳಸುವುದು. ಒಬ್ಬ ವಿದ್ಯಾರ್ಥಿಯ ಪುಸ್ತಕ, ಒಬ್ಬ ರೋಗಿಯ ಔಷಧ, ಒಂದು ಮನೆಯ ಒಂದು ತಿಂಗಳ ಅಕ್ಕಿ. ಉಪದೇಶ ಕೊಡದೆ, ಹೆಸರು ಬರೆಸದೆ ಕೊಟ್ಟರೆ ಮಾನಕಷಾಯಕ್ಕೂ ಅಲ್ಲಿ ಜಾಗವಿರದು.

ಇಂತಹ ಅಭ್ಯಾಸಗಳಿಂದ ಸಿದ್ಧರ ಅವ್ಯಾಬಾಧ ಸುಖ ಕೈಗೆ ಬಂದುಬಿಡುತ್ತದೆಂದು ಯಾವ ಆಚಾರ್ಯರೂ ಹೇಳಿಲ್ಲ. ಯಾವ ಅಡ್ಡಿಯೂ ತಾಗದ ಆ ಸುಖ ಕರ್ಮಗಳೆಲ್ಲ ಕಳಚಿದ ಮೇಲಿನದು. ಗೃಹಸ್ಥನ ಬಾಳಿನಲ್ಲಿ ರೋಗ ಬರುತ್ತದೆ, ಮುಪ್ಪು ಬರುತ್ತದೆ, ಪ್ರಿಯರ ಅಗಲಿಕೆಯೂ ಬರುತ್ತದೆ. ಆದರೆ ಆ ದೊಡ್ಡ ಸುಖದ ಗುಣವೊಂದು ಈ ಸಣ್ಣ ಅಭ್ಯಾಸಗಳಲ್ಲಿಯೂ ಇದೆ. ಅದನ್ನು ಯಾರಿಂದಲೂ ಕಸಿದು ತರಬೇಕಾಗಿಲ್ಲ, ಯಾರೂ ಅದನ್ನು ಕಸಿದುಕೊಳ್ಳಲಾರರು.

ಮರದ ಕೆಳಗಿನ ಆರನೆಯವನು ಉಂಡು ಎದ್ದುಹೋದ ಮೇಲೆಯೂ ಆ ಮರ ಅಲ್ಲಿಯೇ ಇರುತ್ತದೆ. ನಾಳೆ ಹಸಿದು ಬರುವ ಇನ್ನೊಬ್ಬನಿಗೆ ನೆರಳೂ ಇದೆ, ಹಣ್ಣೂ ಇದೆ. ತನ್ನ ಹಸಿವು ತೀರಿದ ಸುಖದ ಜೊತೆಗೆ, ತನ್ನಿಂದ ಯಾರ ಹಸಿವೂ ಹೆಚ್ಚಲಿಲ್ಲವೆಂಬ ಸುಖವೂ ಅವನದಾಗುತ್ತದೆ. ಮನುಷ್ಯನಿಗೆ ಈ ಲೋಕದಲ್ಲಿ ದೊರೆಯಬಹುದಾದ ನಿಜವಾದ ಸುಖ ಈ ಎರಡೂ ಕೂಡಿದ್ದು.